ಲಾ ಪಾಯಿಂಟ್ ಅಂಕಲ್

ಲಂಡನ್ನಿನ ಹೊರವಲಯದಲ್ಲಿ ನಾಲ್ಕು ಕನ್ನಡದ ಮನೆಗಳಿವೆ ಎಂದರೆ ಅಲ್ಲೊಬ್ಬ ಲಾ ಪಾಯಿಂಟ್ ಅಂಕಲ್ ಇದ್ದೇ ಇರುತ್ತಾರೆ. ಮೈಸೂರು ಕಡೆಯವರು, ಎಂಜಿನಿಯರಾಗಿ ಬಂದು ರಿಟೈರಾದವರು. ಲಾ ಓದಿದವರಂತೂ ಅಲ್ಲವೇ ಅಲ್ಲ. ಓದಿದ್ದರೆ ಫೀಸು ಕೇಳುತ್ತಿದ್ದರು. ಓದಿಲ್ಲವಾದ್ದರಿಂದ ಸಲಹೆ ಪುಕ್ಕಟೆ, ಅದೂ ಕೇಳುವ ಮೊದಲೇ.

ನೀವು ಹೊಸ ಮನೆಗೆ ಬಂದು ಹಾಲುಕ್ಕಿಸಿದ ದಿನವೇ ಅವರು ಹಾಜರು. ಕೈಯಲ್ಲಿ ಹಣ್ಣು, ಕಣ್ಣು ನಿಮ್ಮ ಬೇಲಿಯ ಮೇಲೆ.

"ಎಷ್ಟಿದೆಯಯ್ಯ ಇದು? ಹಿತ್ತಲಲ್ಲಿ ಎರಡು ಮೀಟರ್ ತನಕ ಯಾರ ಪರ್ಮಿಷನ್ನೂ ಬೇಡ. ರಸ್ತೆ ಪಕ್ಕ ಆದ್ರೆ ಒಂದೇ ಮೀಟರ್."

ಅಷ್ಟು ಹೊತ್ತಿಗೆ ಜೇಬಿನಿಂದ ಟೇಪು ಹೊರಗೆ ಬಂದಿರುತ್ತದೆ. ಅಳತೆ ಮುಗಿಸಿ ಒಳಗೆ ಬಂದವರು ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಗೆ ಎರಡು ಸಲ ಬೆರಳಲ್ಲಿ ಕುಟ್ಟುತ್ತಾರೆ. "ಇದಕ್ಕೆ ಮೊಳೆ ಹೊಡಿ, ಪರವಾಗಿಲ್ಲ. ಒಡೆಯೋ ಹಾಗಿದ್ರೆ ಮಾತ್ರ 1996ರ ಪಾರ್ಟಿ ವಾಲ್ ಎಟ್ಸೆಟ್ರಾ ಆಕ್ಟ್. ಎಟ್ಸೆಟ್ರಾ ಅನ್ನೋದು ಆಕ್ಟಿನ ಹೆಸರಲ್ಲೇ ಇದೆ ಕಣಯ್ಯ, ಈ ಜನ ಏನನ್ನೂ ಬಿಡೋರಲ್ಲ." ನೀವು ಅವರನ್ನು ಕೇಳಿದ್ದು ಇಲ್ಲಿ ಕರಿಬೇವು ಎಲ್ಲಿ ಸಿಗುತ್ತೆ ಅಂತ.

ಅವರು ಹೇಳುವುದೆಲ್ಲ ಬುರುಡೆಯಾಗಿದ್ದರೆ ತಲೆಯಾಡಿಸಿ ಸುಮ್ಮನಾಗಬಹುದಿತ್ತು. ಕಷ್ಟವೆಂದರೆ ಎಲ್ಲ ನಿಜ. ಮೀನನ್ನು ಅನುಮಾನ ಬರುವಂತೆ ಹಿಡಿದುಕೊಂಡು ಹೋಗುವುದು ಅಪರಾಧ ಎಂದು ಅವರು ಹೇಳಿದಾಗ ನಾವೆಲ್ಲ ನಕ್ಕೆವು. ಹುಡುಕಿ ನೋಡಿದರೆ 1986ರ ಸಾಲ್ಮನ್ ಆಕ್ಟ್ ನಮ್ಮನ್ನೇ ನೋಡಿ ನಗುತ್ತಿತ್ತು. ಆಂಟಿ ಒಂದು ಭಾನುವಾರ ಬೆಳಿಗ್ಗೆ ಜಮಖಾನ ತಂದು ಬೀದಿಯಲ್ಲಿ ಕೊಡವಿದರೆ ಒಳಗಿನಿಂದ ಕೂಗು: "1839ರ ಮೆಟ್ರೊಪಾಲಿಟನ್ ಪೊಲೀಸ್ ಆಕ್ಟ್ ಕಣೇ! ಬಾಗಿಲ ಮುಂದಿನ ಮ್ಯಾಟ್ ಆದ್ರೆ ಎಂಟು ಗಂಟೆ ಒಳಗೆ ಕೊಡವಬಹುದು, ಜಮಖಾನಕ್ಕೆ ಅದೂ ಇಲ್ಲ." ಆಂಟಿ ಇನ್ನೂ ನಾಲ್ಕು ಸಲ ಜೋರಾಗಿಯೇ ಕೊಡವಿದರು. "ಬಂದು ಹಿಡ್ಕೊಂಡು ಹೋಗ್ಲಿ ಬಿಡ್ರೀ. ಅಲ್ಲಿ ಅಡುಗೆಯಾದ್ರೂ ಬೇರೆಯವರು ಮಾಡ್ತಾರೆ."

ನಿಜವಾದದ್ದೆಲ್ಲ ಉಪಯೋಗಕ್ಕೆ ಬರುತ್ತದೆ ಎಂದೇನಿಲ್ಲ. ಪಾರ್ಕಿಂಗ್ ದಂಡದ ಚೀಟಿ ಹಿಡಿದು ಅವರ ಮನೆಗೆ ಹೋದ ಹುಡುಗರಿಗೆ ಇದು ಗೊತ್ತು. ಕೌನ್ಸಿಲ್ ಕೊಟ್ಟರೆ ಪೆನಾಲ್ಟಿ ಚಾರ್ಜ್ ನೋಟಿಸ್, ಖಾಸಗಿಯವರು ಅಂಟಿಸಿದರೆ ಪಾರ್ಕಿಂಗ್ ಚಾರ್ಜ್ ನೋಟಿಸ್, ಎರಡೂ ಪಿಸಿಎನ್ನೇ ಎಂಬಲ್ಲಿಂದ ಪಾಠ ಶುರು. ಕೌನ್ಸಿಲ್ಲಿನದಾದರೆ 14 ದಿನದೊಳಗೆ ಅರ್ಧ ಕಟ್ಟಿ ಕೈತೊಳೆದುಕೊಳ್ಳಬಹುದು. "ಕಟ್ಟಬೇಡ, ಹೋರಾಡು" ಎನ್ನುತ್ತಾರೆ ಅಂಕಲ್. ಹೋರಾಡಿದವರೆಲ್ಲ ಕೊನೆಗೆ ಪೂರ್ತಿ ದುಡ್ಡು ಕಟ್ಟಿ, ಅದರ ಮೇಲೆ ಅವರಿಗೆ ಫಿಲ್ಟರ್ ಕಾಫಿಯನ್ನೂ ಕುಡಿಸಿದ್ದಾರೆ.

ಕೌನ್ಸಿಲ್ ಕಚೇರಿಯವರಿಗೆ ಅವರ ಕೈಬರಹದ ಪರಿಚಯ ಚೆನ್ನಾಗಿದೆ. ಕಸದ ಬಿನ್ ಒಂದು ದಿನ ತಡವಾದರೆ 2000ದ ಫ್ರೀಡಂ ಆಫ್ ಇನ್ಫರ್ಮೇಷನ್ ಆಕ್ಟಿನಡಿ ಅರ್ಜಿ. "ಊರಲ್ಲಿ ಆರ್‌ಟಿಐಗೆ 30 ದಿನ, ಇಲ್ಲಿ 20 ದಿನಕ್ಕೆ ಉತ್ತರ ಕೊಡಲೇಬೇಕು" ಎಂದು ಹೆಮ್ಮೆಪಡುತ್ತಾರೆ. ಇಲ್ಲಿಯದು ಕೆಲಸದ ದಿನಗಳ ಲೆಕ್ಕ, ಶನಿವಾರ ಭಾನುವಾರ ಸೇರಿಸಿದರೆ ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಚುನಾವಣೆ ಬಂದರೆ ಲೇಬರ್, ಟೋರಿ, ಲಿಬ್‌ಡೆಮ್ ಮೂವರಿಗೂ ಒಂದು ವಿಷಯದಲ್ಲಿ ಒಮ್ಮತ: ಈ ಮನೆಯ ಬಾಗಿಲಿಗೆ ಕರಪತ್ರ ಹಾಕಬೇಕು, ಬೆಲ್ ಒತ್ತಬಾರದು.

ಆದರೆ ಒಂದು ಉಪಕಾರ ನೆನೆಯಲೇಬೇಕು. ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ವೋಟು ಹಾಕಬಹುದು, ಕಾಮನ್‌ವೆಲ್ತ್ ಪ್ರಜೆಗಳಿಗೆ ಆ ಹಕ್ಕಿದೆ ಎನ್ನುವುದು ಐಟಿ ಹುಡುಗರಲ್ಲಿ ಎಷ್ಟೋ ಜನಕ್ಕೆ ತಿಳಿದದ್ದು ಅವರಿಂದಲೇ. 2023ರಿಂದ ಇಂಗ್ಲೆಂಡಿನಲ್ಲಿ ಮತಗಟ್ಟೆಗೆ ಫೋಟೊ ಇರುವ ಗುರುತಿನ ಚೀಟಿ ಬೇಕು. ಹಿರಿಯರ ಬಸ್ ಪಾಸ್ ನಡೆಯುತ್ತದೆ, ಹುಡುಗರ ರೈಲ್‌ಕಾರ್ಡ್ ನಡೆಯುವುದಿಲ್ಲ. ಈ ತಾರತಮ್ಯ ಅನ್ಯಾಯ ಎಂದು ಅಂಕಲ್ ಅರ್ಧ ಗಂಟೆ ಭಾಷಣ ಮಾಡಿ, ತಮ್ಮ ಬಸ್ ಪಾಸ್ ತೋರಿಸಿ ಒಳಗೆ ಹೋಗುತ್ತಾರೆ.

ಊರಿಂದ ನೆಂಟರು ಬಂದರೆ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಕರೆದೊಯ್ಯುವುದು ಅವರೇ. 2015ರಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆ ಅಲ್ಲಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರು ಪಟ್ಟ ಶ್ರಮವನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಲಂಡನ್ನಿನಲ್ಲಿ ಪ್ರತಿಮೆ ನಿಲ್ಲಿಸಲು ಸರ್ಕಾರದ ಒಪ್ಪಿಗೆ ಬೇಕೆನ್ನುತ್ತಿದ್ದ 1854ರ ಪಬ್ಲಿಕ್ ಸ್ಟ್ಯಾಚೂಸ್ ಆಕ್ಟಿಗೆ ಮುಕ್ಕಾಲು ಗಂಟೆ. ನದಿಯಾಚೆ ಪಾರ್ಲಿಮೆಂಟ್ ಕಾಣುತ್ತಿದ್ದರೂ ನೆಂಟರಿಗೆ ಫೋಟೊ ತೆಗೆಸಿಕೊಳ್ಳಲು ಬಿಡುವಿಲ್ಲ.

2020ರ ಡಿಸೆಂಬರಿನಲ್ಲಿ ಹ್ಯಾಂಡ್‌ಫರ್ತ್ ಪ್ಯಾರಿಷ್ ಕೌನ್ಸಿಲ್ಲಿನವರು ಝೂಮ್‌ನಲ್ಲಿ ಕಿತ್ತಾಡಿದ ವಿಡಿಯೊವನ್ನು ಅವರು ರಾಜ್‌ಕುಮಾರ್ ಸಿನಿಮಾದಂತೆ ಮತ್ತೆ ಮತ್ತೆ ನೋಡಿದ್ದಾರೆ. ಗದ್ದಲ ಮಾಡಿದವರನ್ನು ತಣ್ಣಗೆ ಮೀಟಿಂಗಿನಿಂದ ಹೊರಗೆ ಹಾಕಿದ ಜಾಕಿ ವೀವರ್ ನಮ್ಮ ಅಂಕಲ್‌ಗೆ ಆರಾಧ್ಯ ದೇವತೆ. ಅಂದಿನಿಂದ ನಮ್ಮ ಕನ್ನಡ ಕೂಟದ ಮಹಾಸಭೆಯಲ್ಲೂ "ಮೊದಲು ಸ್ಟ್ಯಾಂಡಿಂಗ್ ಆರ್ಡರ್ ಓದ್ರಯ್ಯ" ಎಂಬ ಗುಡುಗು. ಅಂದರೆ ಸಭೆ ನಡೆಸುವ ನಿಯಮಗಳಂತೆ. ನಮಗೆ ಸ್ಟ್ಯಾಂಡಿಂಗ್ ಆರ್ಡರ್ ಅಂತ ಇರುವುದು ಬ್ಯಾಂಕಿನಲ್ಲಿ ಮಾತ್ರ.

ಈ ಸಲದ ಯುಗಾದಿಯಲ್ಲಿ ಅಧ್ಯಕ್ಷರ ಭಾಷಣ, ಉಪಾಧ್ಯಕ್ಷರ ಭಾಷಣ, ಮಕ್ಕಳ ಡ್ಯಾನ್ಸು, ಮಕ್ಕಳ ತಾಯಂದಿರ ಡ್ಯಾನ್ಸು ಎಲ್ಲ ಮುಗಿದು ಊಟದ ಟೇಬಲ್ ಹತ್ತಿರ ಬರುವಾಗ ಹನ್ನೊಂದು ಹೊಡೆಯಿತು. ಅಂಕಲ್ ಮೈಕ್ ಹಿಡಿದರು.

"ನಿಲ್ಲಿಸಿ! ಊಟಕ್ಕೆ ಟಿಕೆಟ್ ಮಾರಿದ್ದೀರಿ. 2003ರ ಲೈಸೆನ್ಸಿಂಗ್ ಆಕ್ಟ್ ಪ್ರಕಾರ ರಾತ್ರಿ 11ರಿಂದ ಬೆಳಿಗ್ಗೆ 5ರ ತನಕ ಬಿಸಿ ಊಟ ಕೊಡೋದಕ್ಕೆ ಲೈಸೆನ್ಸ್ ಬೇಕು."

"ಬಿಸಿ ಅಂದ್ರೆ ಎಷ್ಟು ಬಿಸಿ ರೀ?" ಎಂದರು ಆಂಟಿ, ಸೌಟು ಹಿಡಿದುಕೊಂಡು.

"ಸುತ್ತಲಿನ ಗಾಳಿಗಿಂತ ಬಿಸಿ."

ಆಂಟಿ ಪಾತ್ರೆಯ ಮುಚ್ಚಳ ತೆಗೆದರು. "ಈ ಬಿಸಿಬೇಳೆಬಾತು ಎಂಟು ಗಂಟೆಯಿಂದ ಭಾಷಣ ಕೇಳ್ಕೊಂಡು ಕೂತಿದೆ. ಮುಟ್ಟಿ ನೋಡಿ."

ಅಂಕಲ್ ಬೆರಳಿಟ್ಟು ನೋಡಿದರು, ಯೋಚಿಸಿದರು, "ಪಾಯಿಂಟ್ ಇದೆ" ಎಂದು ತಟ್ಟೆ ತೆಗೆದುಕೊಂಡು ನಮ್ಮೆಲ್ಲರ ಮುಂದೆ ಬಂದು ನಿಂತರು.

"ಅಂಕಲ್, ಕ್ಯೂ ಇದೆ" ಅಂದೆ.

"ಅದಕ್ಕೆ ಬೈಲಾ ಇರೋದು ಟ್ಯೂಬ್ ಸ್ಟೇಷನ್ನಿನಲ್ಲಿ ಕಣಯ್ಯ, ಇಂಥ ಹಾಲ್‌ನಲ್ಲಿ ಅಲ್ಲ. ಸ್ವಲ್ಪ ಖಾರಾಬೂಂದಿ ಆ ಕಡೆಯಿಂದ ಕೊಡು."