ಗೀಜರ್ ಎಲ್ಲಿ ಹಚ್ಚಸ್ತೀರಿ, ಕಾಕಾರ?

ಬಾಗಲಕೋಟೆ ನವನಗರದ ನಮ್ಮ ಓಣಿಯಲ್ಲಿ ಎರಡು ಮನೆಗಳ ನಡುವಿನ ಕಂಪೌಂಡ್ ಗೋಡೆ ಎದೆಮಟ್ಟಕ್ಕಿದೆ. ಈ ಕಡೆ ನನ್ನ ಕರಿಬೇವು, ಆ ಕಡೆ ಕಾಕಾರ ಪೇರಲ ಗಿಡ. ಹೋದ ರವಿವಾರ ಮುಂಜಾನೆ ಕಾಕಾರು ಗೋಡೆಯ ಮೇಲೊಂದು ರಟ್ಟಿನ ಡಬ್ಬಿ ಇಟ್ಟು ಕರೆದರು.

"ಬಾರವಾ ತಂಗಿ, ಇಲ್ಲಿ ನೋಡು. ಗ್ಯಾಸ್ ಗೀಜರ್ ತಂದೀನಿ. ಬನಶಂಕರಿ ಜಾತ್ರಿಗೆ ಮಗಾ, ಸೊಸಿ, ಮೊಮ್ಮಕ್ಕಳು ಅಮೆರಿಕಾದಿಂದ ಬರಾಕತ್ತಾರ. ಹುಬ್ಬಳ್ಳಿ ಬೀಗರೂ ಬರ್ತಾರ. ಹಂಡೆದಾಗ ನೀರು ಕಾಸಿ ಎಷ್ಟು ಮಂದಿಗೆ ಪೂರೈಸೂದು?"

"ಎಲ್ಲಿ ಹಚ್ಚಸ್ತೀರಿ, ಕಾಕಾರ?"

"ಎಲ್ಲಿ ಅಂದ್ರ? ಬಚ್ಚಲದಾಗ, ನಳದ ಮ್ಯಾಲ. ನಾಳೆ ಗೌಂಡಿ ಬರ್ತಾನ."

ನನ್ನ ಎದೆ ಧಸಕ್ಕೆಂದಿತು. ಅವರ ಬಚ್ಚಲು ನಾನು ನೋಡಿದ್ದೇ. ಐದು ಫೂಟು ಅಗಲ, ಆರು ಫೂಟು ಉದ್ದ, ಸುತ್ತ ಟೈಲ್ಸು. ಇರುವುದೊಂದು ಸಣ್ಣ ಕಿಟಕಿ. ಸೊಳ್ಳೆ ಬರುತ್ತವೆಂದು ಕಾಕೂ ಅದಕ್ಕೂ ಥರ್ಮಾಕೋಲ್ ತುಂಡು ತುರುಕಿದ್ದಾರೆ. ಬಾಗಿಲು ಪ್ಲಾಸ್ಟಿಕ್ಕಿನದು, ಚೌಕಟ್ಟಿಗೆ ಬಿಗಿಯಾಗಿ ಕೂಡುತ್ತದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ಇಂಥಲ್ಲಿ ಲೆಕ್ಕ ತಾನಾಗಿ ಓಡುತ್ತದೆ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಮಿನಿಟಿಗೆ ಆರು ಲೀಟರ್ ನೀರು ಕಾಸುವ ಗೀಜರ್ ಪೂರಾ ಉರಿಯಲ್ಲಿ ತಾಸಿಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸು ತಿನ್ನುತ್ತದೆ. ಕಾಕಾರ ಬಚ್ಚಲಲ್ಲಿ ಇರುವ ಗಾಳಿಯೇ ಏಳೂವರೆ ಘನ ಮೀಟರ್. ಕಾಲು ತಾಸಿನ ಒಂದು ಸ್ನಾನಕ್ಕೆ ಅದರಲ್ಲಿ ಮೂರು ಘನ ಮೀಟರ್ ಗಾಳಿಯ ಆಮ್ಲಜನಕವನ್ನು ಬೆಂಕಿಯೇ ಕುಡಿದುಬಿಡುತ್ತದೆ. ಜಾತ್ರೆಯ ಮುಂಜಾನೆ ಒಬ್ಬರ ಹಿಂದೊಬ್ಬರು ಎಂಟು ಮಂದಿ ಹೋಗುವವರು. ಮೊದಲು ಹೋದವರು ನಗುನಗುತ್ತ ಹೊರಗೆ ಬಂದಾರು. ನಾಲ್ಕನೆಯ ಪಾಳಿ ಮೊಮ್ಮಗಳದಾದರೆ?

ಇದನ್ನೇ ಕಾಕಾರಿಗೆ ಹೇಳಿದೆ. ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ಸಿಲಿಂಡರಿನ ಗ್ಯಾಸು ಸೋರಿದರೆ ಮೂಗಿಗೆ ತಿಳಿಯಲಿ ಎಂದು ಅದರಲ್ಲಿ ಮರ್ಕ್ಯಾಪ್ಟನ್ ಎಂಬ ನಾತದ ವಸ್ತು ಕೂಡಿಸಿರುತ್ತಾರೆ. ಆದರೆ ಅದು ಉರಿಯಲ್ಲಿ ಸುಟ್ಟುಹೋಗುತ್ತದೆ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಸೆಳೆತದಿಂದ ಈ ವಿಷವನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ಹೊಟ್ಟೆ ತೊಳಸು, ಕಾಲಲ್ಲಿ ಬಲವಿಲ್ಲದಂತಾಗುವುದು. ಚಿಲಕ ತೆಗೆಯಬೇಕೆಂದು ಹೊಳೆಯುವಷ್ಟರಲ್ಲಿ ಕೈ ಏಳುವುದಿಲ್ಲ. ಕೊರೋನಾ ಕಾಲದಲ್ಲಿ ಎಲ್ಲರೂ ತಂದಿಟ್ಟುಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಇಲ್ಲಿ ಮೋಸಹೋಗುತ್ತದೆ: ವಿಷ ಏರಿದ ರಕ್ತವನ್ನೂ ಸರಿಯಿದೆ ಎಂದೇ ತೋರಿಸಬಹುದು.

ಕಾಕಾರು ಸುಮ್ಮನಾಗಲಿಲ್ಲ. "ಅಲ್ಲವಾ, ನಮ್ಮವ್ವ ಜೀವಮಾನಪೂರ್ತಿ ಬಚ್ಚಲ ಒಲಿಗೆ ಹತ್ತಿಕಟಗಿ, ಕುಳ್ಳು ಒಟ್ಟಿದ್ಲು. ಹೊಗಿ ಅಂದ್ರ ಹೊಗಿ. ಆಕಿಗೇನೂ ಆಗಲಿಲ್ಲಲ್ಲ?"

"ಆ ಬಚ್ಚಲ ಹೆಂಗಿತ್ತು, ನೆನಪು ಮಾಡ್ಕೋರಿ ಕಾಕಾರ."

ಅವರು ಪೇರಲ ಗಿಡದ ಕಡೆ ನೋಡುತ್ತ ನಿಂತರು. ಅವರ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಮುಳುಗಡೆಯಾಗಿ ಇಲ್ಲಿ ಸೆಕ್ಟರಿನ ಪ್ಲಾಟಿಗೆ ಬಂದವರು. ಮಣ್ಣಿನ ಮಾಳಿಗೆ, ಹಿತ್ತಲಲ್ಲಿ ಬಚ್ಚಲು, ನೆತ್ತಿಯ ಮೇಲೆ ಬೆಳಕಿಂಡಿ. ಬಾಗಿಲ ಹಲಗೆಗಳ ಸಂದಿಯಲ್ಲಿ ಬೆರಳು ತೂರುತ್ತಿತ್ತಂತೆ. ಹುನಗುಂದದ ನನ್ನ ತವರುಮನೆಯೂ ಅಂಥದೇ. ಮಳೆ ಬಂದರೆ ನಮ್ಮಪ್ಪ ಮಾಳಿಗೆ ಹತ್ತಿ ಬೆಳಕಿಂಡಿಗೆ ಪರಸಿಕಲ್ಲು ಮುಚ್ಚುತ್ತಿದ್ದರು. ಮಳೆ ನಿಂತ ಕೂಡಲೇ ಅವ್ವ ಕೆಳಗಿನಿಂದ, "ಕಿಂಡಿ ತಗೀರಿ, ಒಲಿ ಹಚ್ಚಬೇಕು" ಎಂದು ಕೂಗುತ್ತಿದ್ದಳು. ಒಲೆಯ ಹೊಗೆ ಒಳ್ಳೆಯದೆಂದು ಹೇಳುತ್ತಿಲ್ಲ. ನಮ್ಮ ಅವ್ವಂದಿರ ಕಣ್ಣು, ಪುಪ್ಪುಸಗಳನ್ನು ಅದು ತಿಂದಿದೆ. ಆದರೆ ಕಿಂಡಿ ತೆಗೆಯದೆ ಒಲೆ ಹಚ್ಚುತ್ತಿರಲಿಲ್ಲ. ಈಗ ಟೈಲ್ಸು, ಅಲ್ಯೂಮಿನಿಯಂ ಕಿಟಕಿ ಹಾಕಿ ಮನೆಯ ಸಂದಿಗಳನ್ನೆಲ್ಲ ಮುಚ್ಚಿದ್ದೇವೆ. ಆಮೇಲೆ ಒಳಗೊಂದು ಬೆಂಕಿ ತಂದಿಡುತ್ತೇವೆ.

ಅಷ್ಟರಲ್ಲಿ ಕಾಕೂ ಹೊರಗೆ ಬಂದರು, ಕೈಯಲ್ಲಿ ಫೋನು, ಫೋನಿನಲ್ಲಿ ಷಿಕಾಗೋದ ಮಗ. ಅವನಿಗೂ ವಿಷಯ ಮುಟ್ಟಿಸಿದೆ. ಅವನ ಮನೆಯ ನೆಲಮಾಳಿಗೆಯಲ್ಲಿ ಗ್ಯಾಸಿನ ಫರ್ನೇಸ್ ಇದೆ. ಬಿಸಿಗಾಳಿ ತಗಡಿನ ಡಕ್ಟಿನಲ್ಲಿ ಹಾಯ್ದು ಕೋಣೆಕೋಣೆಗೂ ಹೋಗುತ್ತದೆ. "ಆ ಗಾಳಿಗೂ ಉರಿಗೂ ಸಂಬಂಧ ಇಲ್ರೀ ಟೀಚರ್. ಉರಿ ಲೋಹದ ಗೂಡಿನೊಳಗ ಬ್ಯಾರೆ ಇರತೈತಿ. ಅದಕ್ಕ ಹೊರಗಿನ ಗಾಳಿ ತರಾಕ ಒಂದು ಪೈಪು, ಹೊಗಿ ಹೊರಗ ಹಾಕಾಕ ಇನ್ನೊಂದು. ಗೂಡು ಸೀಳ್ತಂದ್ರ ವಿಷ ಮನಿತುಂಬ ಹೋಗತೈತಿ. ಅದಕ್ಕ ಚಳಿಗಾಲಕ್ಕ ಮೊದಲ ಮೆಕ್ಯಾನಿಕ್ ಬಂದು ನೋಡಿ ಹೋಗ್ತಾನ, ಮಲಗೂ ಖೋಲಿ ಹತ್ರ ಅಲಾರಂ ಐತಿ. ಹಿಮ ಬಿದ್ದಾಗ ನಾನು ಮೊದಲ ಓಡೂದು ಆ ಪೈಪಿನ ಬಾಯಿಗೆ. ಸಲಿಕಿ ತೊಗೊಂಡು ಹಿಮ ತಗೀತೀನಿ." ಕಾಕೂ ತಮ್ಮ ಬಚ್ಚಲ ಕಿಟಕಿಯ ಕಡೆ ತಿರುಗಿ ನೋಡಿದರು. ಥರ್ಮಾಕೋಲ್ ಬೆಳ್ಳಗೆ ಹಿಮದ ಹಾಗೆಯೇ ಕೂತಿತ್ತು.

ಕಾಕಾರು ತಂದ ಗೀಜರಿಗಂತೂ ಹೊಗೆಯ ಪೈಪೇ ಇಲ್ಲ. ನೆತ್ತಿಯ ಮೇಲೆ ಸೀಳುಗಳಿವೆ, ಉರಿದ ಗಾಳಿ ಅಲ್ಲಿಂದ ನೇರ ಕೋಣೆಗೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಆಗದೇ ಎಂದು ಕೇಳಿದರು. ಗಾಳಿ ಒಳಗೆ ಬರಲು ದಾರಿಯಿಲ್ಲದೆ ಫ್ಯಾನು ಏನನ್ನು ಹೊರಗೆ ಹಾಕೀತು? ಕರೆಂಟು ಹೋದಾಗ ಅದೂ ಇಲ್ಲ, ಗೀಜರ್ ಮಾತ್ರ ಶೆಲ್ಲಿನ ಮೇಲೆ ಹೊತ್ತಿಕೊಳ್ಳುತ್ತಲೇ ಇರುತ್ತದೆ.

ಕೊನೆಗೆ ಗೋಡೆಯ ಎರಡೂ ಬದಿಯಿಂದ ಮಾತಾಡಿ ಗೊತ್ತುಮಾಡಿದ್ದು ಇಷ್ಟು. ಗೀಜರ್ ಹಿತ್ತಲಿನ ಹೊರಗೋಡೆಗೆ, ಸಜ್ಜಾದ ಕೆಳಗೆ, ಬಚ್ಚಲ ಕಿಟಕಿಯಿಂದ ದೂರ. ಒಳಗೆ ಬರುವುದು ಬಿಸಿನೀರಿನ ಪೈಪು ಮಾತ್ರ. ಅದು ಸಿಪಿವಿಸಿಯದೇ ಆಗಬೇಕು, ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಸಿಲಿಂಡರ್ ಅದರ ಹತ್ತಿರವೇ, ನೆಟ್ಟಗೆ ನಿಲ್ಲಿಸಿ. ಅಡುಗೆಮನೆಯ ನಳಿಗೆಗೆ ಟೀ ಜೋಡಿಸಿ ಮಾರುದ್ದ ರಬ್ಬರ್ ಎಳೆಯುವ ಯೋಚನೆ ಕಾಕಾರಿಗಿತ್ತು, ಅದನ್ನು ಬಿಡಿಸಿದೆ. ಐಎಸ್ಐ ಗುರುತಿನ ಸುರಕ್ಷಾ ನಳಿಗೆ, ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೆ ಬದಲಿಸಬೇಕು. ಜೋಡಣೆಯಾದ ಮೇಲೆ ಪ್ರತಿ ಕೂಡುಗೆಗೂ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು. ಗ್ಯಾಸ್ ನಾತ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದುಮಾಡಿ, ಹೊರಗೆ ಬಂದು 1906ಕ್ಕೆ ಫೋನು. ಎಲ್ಲಿಯಾದರೂ ಬಚ್ಚಲಲ್ಲಿ ಯಾರಾದರೂ ಕುಸಿದರೆ ಮೊದಲು ಬಯಲಿನ ಗಾಳಿಗೆ ತರುವುದು, ಕೂಡಲೇ 108. ನೀಲಿ ಉರಿ ಹಳದಿಗೆ ತಿರುಗಿದರೆ, ಮಸಿ ಕಟ್ಟಿದರೆ, ರಿಪೇರಿಯಾಗುವ ತನಕ ಹಚ್ಚಕೂಡದು.

ಮರುದಿನ ಗೌಂಡಿ ಬಂದ, ಇಳಕಲ್ಲಿನವನು. ಕಾಕಾರು ಅವನಿಗೆ ಎಲ್ಲವನ್ನೂ ತಾವೇ ವಿವರಿಸುತ್ತಿದ್ದರು. ನಾನು ಗೋಡೆಗೆ ಮೊಣಕೈ ಊರಿ, ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೇರದೆ ನೆಲಕ್ಕಿಳಿದು ತಗ್ಗು ಹುಡುಕಿ ನಿಲ್ಲುತ್ತದೆ ಎಂದು ಒಂದು ಮಾತು ಸೇರಿಸಿದೆ. ಗೌಂಡಿಯ ಕೈ ನಿಂತಿತು.

"ಟೀಚರಮ್ಮಾರ, ನಮ್ಮಕ್ಕ ಸೀರಿ ನೇಯ್ತಾಳ್ರಿ. ಕುಣಿಮಗ್ಗ. ಅಡಗಿ ಒಲಿ ಅದ ಪಡಸಾಲ್ಯಾಗ, ಸಿಲಿಂಡರ್ ಮಗ್ಗದ ಮಗ್ಗಲಕ ಐತಿ. ಆಕಿ ದಿನಾ ಆ ಕುಣ್ಯಾಗ ಕಾಲು ಇಳಿಬಿಟ್ಟು ಕುಂಡ್ರತಾಳ."

ಕುಣಿ ಎಷ್ಟು ಆಳ, ಪಡಸಾಲೆಯಿಂದ ಹಿತ್ತಲಿಗೆ ಬಾಗಿಲಿದೆಯೇ ಎಂದೆಲ್ಲ ಕೇಳಿದೆ. ಅವನು ಉತ್ತರಿಸುತ್ತಲೇ ಸ್ಟೂಲಿನಿಂದ ಇಳಿದ. ಕೈಯ ಸಿಮೆಂಟು ಒರೆಸಿಕೊಂಡು ಫೋನು ತೆಗೆದ.

"ಅಕ್ಕಾ, ಮಗ್ಗ ನಿಂದರಸು. ಆ ಸಿಲಿಂಡರ್ ಮೊದಲ ಹಿತ್ತಲಕಡೆ ಸರಸು. ಒಲಿ ಆಮ್ಯಾಲ ನಾ ಬಂದು ಜೋಡಸ್ತೀನಿ... ಇಲ್ಲ, ಸಂಜಿತನಕ ಬ್ಯಾಡ, ಈಗ."