ವಾಟ್ನಿಗೆ ಸಿಗದ ಗಾಡಿ

ಮನೆಯ ಮಗ್ಗುಲಲ್ಲಿ ಕೆಟ್ಟ ಕಾರೊಂದು ನಿಂತಿದ್ದರೆ ಅದರ ಯಜಮಾನನಿಗೆ ಸಲಹೆಯ ಬರ ಬರುವುದಿಲ್ಲ. ನಮ್ಮ ಅಫಜಲಪುರದಲ್ಲಿ ಮಳೆ ಕೈಕೊಡುತ್ತದೆ, ಕೆಲವು ಬೇಸಿಗೆಯಲ್ಲಿ ಭೀಮಾ ನದಿಯೂ ಕೈಕೊಡುತ್ತದೆ. ಸಲಹೆ ಮಾತ್ರ ಬಾರಾ ತಿಂಗಳೂ ದಂಡೆ ಮೀರಿ ಹರಿಯುತ್ತದೆ. "ಇನ್ನೂ ಮಾರಿಲ್ಲೇನ್ರಿ ಮಾಸ್ತರ್ರ? ಜಂಗು ತಿಂದು ಹೋಗ್ತದ ನೋಡ್ರಿ" ಎಂದು ಬೆಳಿಗ್ಗೆ ಚಹಾದಂಗಡಿಯಲ್ಲಿ ಹೇಳಿದವರೇ ಸಂಜೆ ಸಂತೆಯಲ್ಲಿ ಸಿಕ್ಕಾಗ "ಮಾರಬ್ಯಾಡ್ರಿ, ಎಷ್ಟಂದ್ರೂ ಹಿರಿಯರ ನೆಪ್ಪದ" ಎನ್ನುತ್ತಾರೆ. ನಡುವೆ ಏನಾಯಿತೆಂದು ನಾನು ಕೇಳುವುದಿಲ್ಲ. ಬೆಳಗಿನ ಮಾತು ನನ್ನ ಕಾರಿನದು, ಸಂಜೆಯದು ಅವರವರ ಅಪ್ಪಂದಿರದು ಇರಬೇಕು.

ಕಾರು 1991ರ ಪ್ರೀಮಿಯರ್ ಪದ್ಮಿನಿ. ಚಿತ್ತೋರದ ರಾಣಿಯ ಹೆಸರು ಆರ್‌ಸಿ ಪುಸ್ತಕದಲ್ಲಷ್ಟೇ ಉಳಿಯಿತು. ಊರೆಲ್ಲ ಅದನ್ನು ಕರೆದದ್ದು ಫಿಯಟ್ ಎಂದೇ. 1089 ಸಿಸಿ ಎಂಜಿನು, ಸ್ಟೀರಿಂಗಿನ ಕೊರಳಿಗೇ ಅಂಟಿಕೊಂಡ ಗೇರು, ಮುಂದೆ ಒಂದೇ ಉದ್ದನೆಯ ಸೀಟು, ಬಾಗಿಲ ಮೂಲೆಯಲ್ಲಿ ತಿರುಗಿಸುವ ತ್ರಿಕೋನದ ಗಾಜು. ಆ ಗಾಜನ್ನು ಸರಿಯಾದ ಕೋನಕ್ಕೆ ತಿರುಗಿಸಿದರೆ ಮೇ ತಿಂಗಳ ಬಿಸಿಗಾಳಿ ನೇರ ಮುಖಕ್ಕೇ ಹೊಡೆಯುತ್ತಿತ್ತು. ಅದನ್ನೇ ನಾವು ಸುಖ ಎಂದು ತಿಳಿದಿದ್ದೆವು.

ಆ ವರ್ಷ ತೊಗರಿ ಕೈಹಿಡಿದಿತ್ತು. ಕಲಬುರಗಿಯ ಡಾಕ್ಟರು, ವಕೀಲರೆಲ್ಲ ಹೊಸ ನಮೂನೆಯ ಸಣ್ಣ ಕಾರುಗಳಿಗೆ ಹೊರಳಿಯಾಗಿತ್ತು. ಅಪ್ಪ ಅಂಥದೊಂದರ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿದ; ಆಮೇಲೆ ಫಿಯಟ್ಟಿನ ಬಾಗಿಲನ್ನು ಬಡಿದು ಗೆಣ್ಣು ನೋಯಿಸಿಕೊಂಡ. ಅಲ್ಲಿಗೆ ವ್ಯಾಪಾರ ಮುಗಿಯಿತು. ಗಟ್ಟಿ ಇದ್ದದ್ದು ನೋಯಿಸಬೇಕು ಎಂಬುದು ಅವನ ಸಿದ್ಧಾಂತ. ಮಕ್ಕಳ ವಿಷಯದಲ್ಲೂ ಅದನ್ನು ಪಾಲಿಸಿದ್ದ.

ಇನ್ನೊಂದು ಕಾರಣವೂ ಇತ್ತು: ಗಾಡಿ ನಮ್ಮವರದು. ನಮ್ಮವರೆಂದರೆ ಸೊಲ್ಲಾಪುರದವರು. ಅಫಜಲಪುರದವರಿಗೆ ಸರ್ಕಾರಿ ಕೆಲಸಕ್ಕೆ ಕಲಬುರಗಿಯಾದರೆ ಲಗ್ನದ ಬಟ್ಟೆ, ಆಸ್ಪತ್ರೆ, ಗಾಡಿಯ ಸಾಮಾನಿಗೆಲ್ಲ ಸೊಲ್ಲಾಪುರ. ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ ವಾಲಚಂದ ಹೀರಾಚಂದರು 1882ರಲ್ಲಿ ಹುಟ್ಟಿದ್ದು ಅದೇ ಸೊಲ್ಲಾಪುರದಲ್ಲಿ. ಹಡಗು, ವಿಮಾನ, ಮೋಟಾರು ಮೂರಕ್ಕೂ ಕೈಹಾಕಿದ ಮನುಷ್ಯ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ 1940ರಲ್ಲಿ ಶುರುವಾದದ್ದೇ ಅವರಿಂದ, ಮೈಸೂರು ಸಂಸ್ಥಾನದ ಜೊತೆಗೂಡಿ. ಅದಕ್ಕೂ ಮೊದಲು ಸರ್ ಎಂ. ವಿಶ್ವೇಶ್ವರಯ್ಯನವರೂ ಅವರೂ ಮೋಟಾರು ಕಾರ್ಖಾನೆಗಾಗಿ ಓಡಾಡಿದರು. ಮೈಸೂರು ಒಲವು ತೋರಿದರೂ ಬ್ರಿಟಿಷ್ ಸರ್ಕಾರ ಅಡ್ಡ ನಿಂತಿತು. ಕೊನೆಗೆ 1944ರಲ್ಲಿ ಕಂಪನಿ ಹುಟ್ಟಿದ್ದು, ಕಾರ್ಖಾನೆ ಎದ್ದದ್ದು ಮುಂಬೈಯ ಕುರ್ಲಾದಲ್ಲಿ. ಅಪ್ಪನಿಗೆ ಈ ಇತಿಹಾಸದಲ್ಲಿ ಅರ್ಧ ಗೊತ್ತಿತ್ತು, ಉಳಿದರ್ಧವನ್ನು ಅವನೇ ಕಟ್ಟಿದ್ದ. ಅವನು ಹೇಳುವ ಧಾಟಿಗೆ ವಾಲಚಂದರು ಅಕ್ಕಲಕೋಟದ ದಾರಿ ಹಿಡಿದು ಬಂದು ನಮ್ಮ ಹೊಲದಲ್ಲಿ ಸೀತನಿ ತಿಂದು ಹೋದವರೆಂದೇ ಮಕ್ಕಳು ನಂಬಿದ್ದೆವು.

ಗಾಡಿ ಗಟ್ಟಿಯಾಗಿತ್ತು, ನಿಜ. ಆದರೆ ಕಲಬುರಗಿ ಸೀಮೆಯ ಬಿಸಿಲಿನ ಮುಂದೆ ಯಾವ ಗಟ್ಟಿತನ ನಡೆದೀತು? ಕಾರ್ಬೊರೇಟರಿನ ಗಾಡಿಗಳಿಗೆಲ್ಲ ಇದ್ದ ಕಾಯಿಲೆ ಅದಕ್ಕೂ ಇತ್ತು. ಉಷ್ಣತೆ ನಲವತ್ತು ದಾಟಿದ ದಿನ ಪೆಟ್ರೋಲು ಪೈಪಿನಲ್ಲೇ ಆವಿಯಾಗುತ್ತದೆ; ಪಂಪು ಎಷ್ಟು ಎಳೆದರೂ ಆವಿಯೇ ಬರುತ್ತದೆ; ಎಂಜಿನು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಆ ಪಂಪಿಗೆ ಗ್ಯಾರೇಜಿನವರು ಏಸಿ ಪಂಪ್ ಎನ್ನುತ್ತಾರೆ. ಇಡೀ ಗಾಡಿಯಲ್ಲಿ ಏಸಿ ಎಂದು ಇದ್ದದ್ದು ಅದೊಂದೇ, ಅದೇ ಎಲ್ಲಕ್ಕಿಂತ ಮೊದಲು ಕಾಯುತ್ತಿತ್ತು. ಚೌಡಾಪುರದ ಕ್ರಾಸಿನ ಆಸುಪಾಸಿನಲ್ಲಿ ಗಾಡಿ ನಿಂತರೆ ಅಪ್ಪ ಬೈಯುತ್ತಿರಲಿಲ್ಲ, ಗಾಬರಿಯಾಗುತ್ತಿರಲಿಲ್ಲ. ಬಾನೆಟ್ ಎತ್ತುತ್ತಿದ್ದ. ಅವ್ವ ಹಳೆಯ ಸೀರೆಯ ತುಂಡೊಂದನ್ನು ನೀರಿನಲ್ಲಿ ಅದ್ದಿ ಕೊಡುತ್ತಿದ್ದಳು. ಜ್ವರ ಬಂದ ಕೂಸಿನ ಹಣೆಗೆ ಹಾಕಿದಂತೆ ಅದನ್ನು ಪಂಪಿನ ಮೇಲೆ ಹಾಕಿ ಎಲ್ಲರೂ ಬೇವಿನ ನೆರಳಿಗೆ ಸರಿಯುತ್ತಿದ್ದೆವು. ದೇವಲಗಾಣಗಾಪುರಕ್ಕೆ ಹುಣ್ಣಿಮೆಗೆ ಹೊರಟ ಬಸ್ಸುಗಳು ಹಾರ್ನ್ ಹೊಡೆಯುತ್ತ ಮುಂದೆ ಹೋಗುತ್ತಿದ್ದವು. ನಾವು ಭೀಮಾ-ಅಮರ್ಜಾ ಸಂಗಮ ಮುಟ್ಟುವ ಹೊತ್ತಿಗೆ ಜನ ಮಿಂದು, ಮಧುಕರಿ ಬೇಡಿ, ಉಂಡು, ಮರದ ಬುಡದಲ್ಲಿ ಮಲಗಿರುತ್ತಿದ್ದರು. "ದತ್ತ ಎಲ್ಲಿ ಓಡಿ ಹೋಗ್ತಾನು?" ಎನ್ನುತ್ತಿದ್ದ ಅಪ್ಪ.

ಎಳ್ಳಮಾಸಿಯ ದಿನ ಫಿಯಟ್ಟಿಗೆ ರಜೆ ಇರುತ್ತಿರಲಿಲ್ಲ. ಚರಗ ಚೆಲ್ಲಲು ಹೊಲಕ್ಕೆ ಹೊರಟರೆ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುಟ್ಟಿಗಳಿಗೆ ಒಳ್ಳೆಯ ಜಾಗ. ಉಳಿದ ಜಾಗದಲ್ಲಿ ಹೆಂಗಸರು. ಹುಡುಗರು ಡಿಕ್ಕಿಯಲ್ಲಿ, ಅದರ ಬಾಗಿಲಿಗೆ ಹಗ್ಗ ಬಿಗಿದು. ಒಂದು ವರ್ಷ ಬಾಜು ಹೊಲದವರು ಕಬ್ಬಿಗೆ ಬಿಟ್ಟ ನೀರು ದಾರಿಗೆ ನುಗ್ಗಿತ್ತು. ಎರಿ ಮಣ್ಣು ಒಮ್ಮೆ ಹಿಡಿದರೆ ಬಿಡುವ ಜಾತಿಯದಲ್ಲ. ನೊಗ ಹೂಡಿ ಎತ್ತು ತಂದು ಎಳೆಸಬೇಕಾಯಿತು. ಎತ್ತುಗಳು ಎಳೆಯುತ್ತಿದ್ದರೂ ಅಪ್ಪ ಸ್ಟೀರಿಂಗ್ ಹಿಡಿದು, ಗಂಭೀರವಾಗಿ ಗೇರು ಬದಲಿಸುತ್ತ ಕೂತಿದ್ದ. ನೋಡಿದವರು ಗಾಡಿಯೇ ಎತ್ತುಗಳನ್ನು ನೂಕುತ್ತಿದೆ ಎಂದುಕೊಳ್ಳಲಿ ಎಂಬ ಆಸೆ ಇದ್ದಿರಬೇಕು.

ಈಗ ಅದು ತಗಡಿನ ಶೆಡ್ಡಿನಡಿ ನಿಂತಿದೆ. ಬೀದಿಗೆ ತಿರುಗುವ ಮೂಲೆಯಲ್ಲಿ, ಎರಡು ಟೈರು ನೆಲಕ್ಕಂಟಿ, ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತು. ನಮ್ಮ ಮಿಸ್ತ್ರಿ ಆಗಾಗ ಬಂದು ನಾಡಿ ನೋಡಿ ಹೋಗುತ್ತಾನೆ. "ಮಾಸ್ತರ್ ಸಾಬ್, ಇಂಜಿನ್‌ಗೆ ಏನೂ ಆಗಿಲ್ರಿ. ಕಾರ್ಬೊರೇಟರ್ ಕಿಟ್ ಒಂದು ಬೇಕು, ಪೈಪ್ ಬದ್ಲಿ ಮಾಡಬೇಕು, ಅಷ್ಟೇ." ಪೈಪಿನ ಕಥೆ ಕೇಳುವಂಥದ್ದು. ಈಗ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುತ್ತಾರಲ್ಲ, ಹಳೆಯ ಗಾಡಿಗಳ ರಬ್ಬರು ಅದನ್ನು ತಾಳುವುದಿಲ್ಲ, ಮೆತ್ತಗಾಗಿ ಬಿರಿಯುತ್ತದೆ. ಎಥೆನಾಲ್ ಬರುವುದು ಎಲ್ಲಿಂದ? ಕಬ್ಬಿನಿಂದಲೂ ಬರುತ್ತದೆ. ಸೊನ್ನ ಬ್ಯಾರೇಜಿನ ನೀರು ಬಂದ ಮೇಲೆ ಭೀಮಾ ದಂಡೆಯ ನಾವೆಲ್ಲ ತೊಗರಿ, ಜೋಳ ಬಿಟ್ಟು ಹಾಕಿದ್ದೂ ಕಬ್ಬನ್ನೇ. ಹವಳಗಾದ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್ ಸಾಲು ಹಚ್ಚುವವರಲ್ಲಿ ನಮ್ಮದೂ ಒಂದು. ತೊಗರಿ ತಂದ ಗಾಡಿಯನ್ನು ಕಬ್ಬು ತಿಂದಿತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಕೃಷಿ ಇಲಾಖೆಯ ಯಾವ ಕರಪತ್ರದಲ್ಲೂ ಈ ಹಾನಿಯ ಉಲ್ಲೇಖವಿಲ್ಲ.

ಮಾರುವ ಪ್ರಯತ್ನ ಆಗಿಲ್ಲವೆಂದಲ್ಲ. ಮೊದಲು ಬಂದವನು ಭಂಗಾರದವನು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಣ್ಣಳತೆಯಲ್ಲೇ ಒಂಬತ್ತು ಕ್ವಿಂಟಲ್ ಎಂದ. ಅವನ ಕಣ್ಣು ತಕ್ಕಡಿಗಿಂತ ಲೇಸು. ಪದ್ಮಿನಿಯ ತೂಕ 895 ಕೆ.ಜಿ. ತೊಗರಿ ಮಾರಿ ತಂದ ಗಾಡಿ ತೊಗರಿಯ ಲೆಕ್ಕದಲ್ಲೇ ಹೋಗುವುದು ನ್ಯಾಯವೇ ಇರಬಹುದು. ಆದರೆ 2025-26ರಲ್ಲಿ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಇದ್ದರೆ ಭಂಗಾರದವನು ಹೇಳಿದ ದರ ಅದರ ಓಣಿಗೂ ಬರಲಿಲ್ಲ. ಆಮೇಲೆ ಬಂದವರಿಗೆ ಗಾಡಿ ಬೇಕಾಗಿರಲಿಲ್ಲ, ಗಾಡಿಯ ತುಂಡು ಬೇಕಾಗಿತ್ತು. ಒಬ್ಬನಿಗೆ ಡೈನಮೊ, ಒಬ್ಬನಿಗೆ ಬಾಗಿಲು. ಧಾಬಾ ಹಾಕುವವನೊಬ್ಬ ಮುಂಭಾಗ ಮಾತ್ರ ಕತ್ತರಿಸಿ ಕೊಡ್ರಿ, ಗೋಡೆಗೆ ಹಚ್ಚತೀನಿ ಎಂದ. ಮೋರೆ ಮಾತ್ರ ಮಾರುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಬೆಂಗಳೂರಿನ ತಮ್ಮ ಕಾನೂನು ಬಲ್ಲವ. "ಅಣ್ಣಾ, ವಿಂಟೇಜ್ ಅಂತ ಮಾಡಿಸು" ಎಂದ. 2021ರ ಕೇಂದ್ರದ ನಿಯಮದಂತೆ ಮೂಲರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ವಿಎ ಎಂಬ ಅಕ್ಷರವಿರುವ ಬೇರೆ ನಂಬರ್ ಪ್ಲೇಟು, ಶುಲ್ಕ 20,000 ರೂಪಾಯಿ. ಆದರೆ ಗಾಡಿಗೆ ಐವತ್ತು ವರ್ಷ ದಾಟಿರಬೇಕು. ನಮ್ಮದಕ್ಕೆ ಆ ಯೋಗ ಬರುವುದು 2041ರಲ್ಲಿ. ಮಿಸ್ತ್ರಿಗೆ ಹೇಳಿದರೆ ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಗಾಡಿ ಇರ್ತದ ಬಿಡ್ರಿ" ಎಂದ.

ಸದ್ಯದ ಸಂಕಟ ಬೇರೆ. ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ನಮ್ಮ ಗಾಡಿಯ ಸರದಿ 2026ಕ್ಕೆ ಬಂದು ನಿಂತಿದೆ. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000 ಆಯಿತು; 2025ರಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ವಯಸ್ಸಾದಂತೆ ನನ್ನ ಮಾತಿನ ಬೆಲೆ ಇಳಿದಿದೆ, ಗಾಡಿಯ ಕಾಗದದ ಬೆಲೆ ಏರಿದೆ. ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಅಂದರೆ ಗಾಡಿ ಓಡುತ್ತದೆ ಎಂದು ತೋರಿಸಲು, ಓಡದ ಗಾಡಿಯನ್ನು ಸುಮಾರು 60 ಕಿಲೋಮೀಟರ್ ದೂರದ ಕಲಬುರಗಿಗೆ ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡು ಹೋಗಬೇಕು. ಮುಂಬೈಯ ಕಾಳಿ-ಪೀಳಿ ಪದ್ಮಿನಿ ಟ್ಯಾಕ್ಸಿಗಳಿಗೆ ಈ ತಾಪತ್ರಯ ಇರಲಿಲ್ಲ. ಅವಕ್ಕೆ ಇಪ್ಪತ್ತು ವರ್ಷದ ಆಯುಷ್ಯವೆಂದು ಗೆರೆ ಎಳೆದಿದ್ದರು. 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಪೇಪರಿನಲ್ಲಿ ಫೋಟೊ ಬಂದ ದಿನ ಅವ್ವ ಅದನ್ನು ಕತ್ತರಿಸಿ ಕ್ಯಾಲೆಂಡರಿನ ಹಿಂದೆ ಇಟ್ಟಳು, ಬಂಧುಗಳ ಪೈಕಿ ಯಾರೋ ತೀರಿಕೊಂಡವರ ಚಿತ್ರಗಳ ಜೊತೆಗೆ.

ಮಾರಿಬಿಟ್ಟರೆ ಈ ತಲೆನೋವೇ ಇಲ್ಲವಲ್ಲ ಎನ್ನುತ್ತೀರಿ. ಆರ್‌ಸಿ ಅಪ್ಪನ ಹೆಸರಿನಲ್ಲಿದೆ. ತೀರಿಕೊಂಡವರ ಗಾಡಿಯನ್ನು ಮಾರಬೇಕಾದರೆ ಮೊದಲು ಫಾರ್ಮ್ 31 ತುಂಬಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಅದಕ್ಕೆ ಮೂರು ತಿಂಗಳ ಗಡುವು. ಅದು ಯಾವಾಗಲೋ ಮುಗಿದು ದಂಡ ಬೆಳೆಯುತ್ತಿದೆ. ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಬೇಕು ಎಂದ ಏಜೆಂಟ್. ಎಂದರೆ ವಿಜಯಪುರದ ಅಕ್ಕ, ಪುಣೆಯ ತಮ್ಮ, ಬೆಂಗಳೂರಿನ ತಮ್ಮ, ಅವ್ವ.

ಅಪ್ಪ ಹೋದ ಮೇಲೆ ನಮ್ಮಲ್ಲಿ ವಾಟ್ನಿ ಆಗಿತ್ತು. ಜಗಳವಾಗಲಿಲ್ಲ ಎಂದು ಊರು ಹೊಗಳಿತು. ಜಗಳಕ್ಕೆ ಬೇಕಾದಷ್ಟು ಮಾತೇ ಆಗಲಿಲ್ಲ ಎಂಬುದು ಒಳಗಿನ ಸಂಗತಿ. ಮೋಜಣಿಯಾಯಿತು, ಕಲ್ಲು ನೆಟ್ಟರು, ಪಹಣಿ ಬೇರೆಯಾದವು, ಪಡಸಾಲೆಯ ನಡುವೆ ಗೋಡೆ ಎದ್ದಿತು. ತಾಮ್ರದ ಹಂಡೆಗಳನ್ನು ಎಣಿಸಿ ಹಂಚಿಕೊಂಡೆವು. ಫಿಯಟ್ಟಿನ ಹತ್ತಿರ ಬಂದಾಗ ಪಂಚರು ತುಸು ಹೊತ್ತು ನಿಂತು, "ಇದೊಂದು ಹಿಂಗ ಇರ್ಲಿ, ಆಮ್ಯಾಲ ನೋಡ್ರಿ" ಎಂದು ಚಹಾಕ್ಕೆ ಹೋದರು.

ಆಮೇಲೆ ನೋಡುವುದು ನಡೆದೇ ಇದೆ. ಹಬ್ಬಕ್ಕೆ ಫೋನು ಮಾಡದ ತಮ್ಮಂದಿರು ಗಾಡಿಯ ವಿಷಯಕ್ಕೆ ಮಾಡುತ್ತಾರೆ. ಈ ಸಲ ಗಡುವು ಹತ್ತಿರ ಬಂತೆಂದು ಎಲ್ಲರನ್ನೂ ಒಟ್ಟಿಗೆ ವಿಡಿಯೊ ಕಾಲಿಗೆ ಕರೆದೆ. ಬೆಂಗಳೂರಿನವನು ಗುಜರಿ ನೀತಿ ವಿವರಿಸಿದ: ಅಧಿಕೃತ ಕೇಂದ್ರಕ್ಕೆ ಕೊಟ್ಟರೆ ಸರ್ಟಿಫಿಕೇಟು ಬರುತ್ತದೆ, ಹೊಸ ಕಾರಿನ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಹೊಸ ಕಾರು ಕೊಳ್ಳುವವನು ಅವನೊಬ್ಬನೇ ಎಂಬುದನ್ನು ಪುಣೆಯವನು ನೆನಪಿಸಿದ. ಅಕ್ಕನಿಗೆ ತ್ರಿಕೋನದ ಗಾಜು ಬೇಕಂತೆ, ಎರಡೂ. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಕೊನೆಗೆ ಒಂದು ಗಂಟೆ ಹೊಡೆದಾಡಿ, ಮಾರುವುದೆಂದೇ ಒಪ್ಪಂದಕ್ಕೆ ಬಂದೆವು. ಎಲ್ಲರೂ ಸಹಿ ಕಳಿಸುತ್ತೇವೆಂದರು.

ಅವ್ವ ಅಷ್ಟೂ ಹೊತ್ತು ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದಳು.

"ಸಹಿ ಮಾಡ್ತೀನಿ ತಗೋರಿ" ಎಂದಳು. "ಗಾಡಿ ಹೋದ ಮ್ಯಾಲ ಗಾಡಿ ಬುಡದ ಜಾಗ ಯಾರಿಗ್ರಪಾ?"

ಯಾರೂ ಮಾತಾಡಲಿಲ್ಲ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಪುಣೆಯವನ ಹಿಂದೆ ಫ್ಯಾನು ತಿರುಗುವುದು ಕಾಣುತ್ತಿತ್ತು. ಮನೆಯ ಜಾಗ ಅಳೆದ ದಿನ ಗಾಡಿ ಅಡ್ಡ ನಿಂತಿತ್ತೆಂದು ಆ ಮೂಲೆಯನ್ನು ಬಿಟ್ಟು ಟೇಪು ಹಿಡಿದಿದ್ದರು. ಕಲಬುರಗಿ ರಸ್ತೆಗೆ ಮುಖ ಮಾಡಿದ ಮೂಲೆ ಅದು. ಎರಡು ಮಳಿಗೆ ಎಬ್ಬಿಸಿದರೆ ಮೊಬೈಲ್ ಅಂಗಡಿಯವರು, ಗೊಬ್ಬರದವರು ಪಾಳಿ ಹಚ್ಚುತ್ತಾರೆ. ಅದರ ಒಂದು ವರ್ಷದ ಬಾಡಿಗೆಯ ಮುಂದೆ ಒಂಬತ್ತು ಕ್ವಿಂಟಲ್ ಕಬ್ಬಿಣದ ಬೆಲೆ ಏನೂ ಅಲ್ಲ. ಈ ಲೆಕ್ಕ ಎಲ್ಲರ ತಲೆಯಲ್ಲೂ ಒಂದೇ ಸಲ ಓಡಿರಬೇಕು, ಅದರ ಮುಂದಿನ ಲೆಕ್ಕವೂ: ಮತ್ತೆ ಪಂಚರು, ಮತ್ತೆ ಟೇಪು, ಈ ಸಲ ಮಾತಿಗೆ ಬರವಿರುವುದಿಲ್ಲ. ಮೊದಲು ಬಾಯಿ ಬಿಟ್ಟವಳು ಅಕ್ಕ. "ತಮ್ಮಾ, ಆ ಮಿಸ್ತ್ರಿ ಏನೋ ಕಿಟ್ ಅಂದಿದ್ನಲ್ಲ, ಅದು ಎಷ್ಟಕ್ಕ ಬರ್ತದ?"

ಮರುದಿನ ಪುಣೆಯವನು ಬ್ಯಾಟರಿಗೆಂದು ಫೋನ್‌ಪೇ ಮಾಡಿದ. ಬೆಂಗಳೂರಿನವನು ಹತ್ತು ಸಾವಿರದ ಶುಲ್ಕ ತನ್ನದು ಎಂದ, ಗುಜರಿ ನೀತಿಯ ಮಾತೆತ್ತಲಿಲ್ಲ. ಫಾರ್ಮ್ 31ನ್ನು ಅವ್ವನ ಹೆಸರಿಗೇ ತುಂಬಿದ್ದೇವೆ. ಕೋಳಿಯನ್ನು ಬೇರೆ ಕಡೆ ಕೂರಿಸಿದ್ದಾಯಿತು. ಮಿಸ್ತ್ರಿ ಕಿಟ್ ತರಲು ಸೊಲ್ಲಾಪುರಕ್ಕೆ ಹೋಗಿದ್ದಾನೆ. ಅಲ್ಲಿ ಸಿಗದಿದ್ದರೆ ಕುರ್ಲಾದ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಬರುತ್ತೇನೆಂದಿದ್ದಾನೆ; ಖರ್ಚು ನಾಲ್ಕೂ ಮಕ್ಕಳಿಗೆ ಸಮ ಪಾಲು ಎಂದು ಅಕ್ಕನೇ ಬರೆದು ಕಳಿಸಿದ್ದಾಳೆ.