ಶರ್ಟಿನ ಮೇಲಿನ ಬೆಲ್ಟು

ಮದುವೆ ಮನೆಯಲ್ಲಿ ಸೊಂಟದಿಂದಲೇ ಎಲ್ಲರ ಕಣ್ಣಿಗೆ ಬೀಳುವವರು ಇಬ್ಬರು: ಡಾಬು ತೊಟ್ಟ ಮದುಮಗಳು, ಬೆಲ್ಟು ಕಟ್ಟಿದ ರಾಯರು. ಪ್ಯಾಂಟಿನ ಬೆಲ್ಟಲ್ಲ, ಅದಕ್ಕಿಂತ ಮೇಲೆ, ಇಸ್ತ್ರಿ ಮಾಡಿದ ಶರ್ಟಿನ ಹೊರಗೆ, ಹೊಟ್ಟೆಯನ್ನು ಬಳಸಿ ಬಂದು ‘ಚರ್’ ಎಂದು ಅಂಟಿಕೊಳ್ಳುವ ಅಗಲವಾದ ಎಲಾಸ್ಟಿಕ್ ಪಟ್ಟಿ. ಮೆಡಿಕಲ್ ಶಾಪಿನವರ ಬಾಯಲ್ಲಿ ಅದು ಎಲ್.ಎಸ್. ಬೆಲ್ಟು. ಬಡಾವಣೆಗೊಬ್ಬರಾದರೂ ಇಂಥ ರಾಯರು ಇರುತ್ತಾರೆ. ಅರವತ್ತು ದಾಟಿರಬೇಕೆಂದಿಲ್ಲ, ನಲವತ್ತರ ಸಾಫ್ಟ್‌ವೇರ್ ರಾಯರೂ ಉಂಟು. ಇವರ ವಿಷಯದಲ್ಲಿ ನನ್ನ ವಾದ ಇಷ್ಟೇ: ಆ ಬೆಲ್ಟು ಆಧಾರ ಕೊಡುವುದು ಬೆನ್ನಿಗಲ್ಲ, ಬೆನ್ನುನೋವಿನ ಸುದ್ದಿಗೆ. ಕಾಲು ಮುರಿದರೆ ಪ್ಲಾಸ್ಟರ್ ಸಾಕ್ಷಿ ಹೇಳುತ್ತದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಸೊಂಟನೋವಿನ ಪರವಾಗಿ ಮಾತಾಡುವವರು ಯಾರೂ ಇಲ್ಲ. ಒಳಗೆ ಜೀವ ಹಿಂಡುತ್ತಿದ್ದರೂ ಹೊರಗಿನಿಂದ ಮನುಷ್ಯ ಗುಂಡುಕಲ್ಲಿನ ಹಾಗಿರುತ್ತಾನೆ. “ನೋಡೋಕೆ ಚೆನ್ನಾಗೇ ಇದ್ದೀರಲ್ಲ!” ಎಂಬ ಮಾತಿನಷ್ಟು ಚುಚ್ಚುವ ಮಾತು ರೋಗಿಗೆ ಇನ್ನೊಂದಿಲ್ಲ. ಆ ಮಾತು ಹುಟ್ಟುವ ಮೊದಲೇ ಅದರ ಬಾಯಿ ಕಟ್ಟುವುದು ಈ ಪಟ್ಟಿ.

ಸ್ಕ್ಯಾನಿನ ಫಿಲ್ಮ್ ಇಲ್ಲವೇ ಎನ್ನಬಹುದು. ಇದೆ. ರಾಯರು ಅದನ್ನು ಬೀರುವಿನಲ್ಲಿ ಮನೆಪತ್ರದ ಜೊತೆಗೇ ಇಟ್ಟಿದ್ದಾರೆ, “ಎಲ್ ಫೋರ್, ಎಲ್ ಫೈವ್” ಎಂದು ಬಿ.ಡಿ.ಎ. ಸೈಟಿನ ನಂಬರು ಹೇಳುವ ಗತ್ತಿನಲ್ಲೇ ಹೇಳುತ್ತಾರೆ. ಆದರೆ ಫಿಲ್ಮು ನಂಬಿಗಸ್ಥ ಸಾಕ್ಷಿಯಲ್ಲ. ನೋವೇ ಇಲ್ಲದ ಐವತ್ತು ವರ್ಷದವರನ್ನು ಸಾಲಾಗಿ ಸ್ಕ್ಯಾನ್ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಉಬ್ಬಿದ ಡಿಸ್ಕ್ ಸಿಗುತ್ತದೆ. ಮೇಲಾಗಿ ಫಿಲ್ಮನ್ನು ಮದುವೆಗೆ ತರಲಾಗುವುದಿಲ್ಲ. ಬೆಲ್ಟನ್ನು ತರಬಹುದು, ತಂದರೆ ಕುರ್ಚಿ ಸಿಗುತ್ತದೆ, ಮೊದಲ ಪಂಕ್ತಿಯಲ್ಲಿ ಎಲೆ ಸಿಗುತ್ತದೆ, ಬೀಗರ ಸೂಟ್‌ಕೇಸ್ ಎತ್ತುವ ಕೆಲಸ ಬೇರೆಯವರ ಪಾಲಾಗುತ್ತದೆ. ಎಲೆಯ ಮೇಲೆ ಎರಡನೆಯ ಹೋಳಿಗೆ ಬಿದ್ದ ಕೂಡಲೆ ಪಟ್ಟಿ ಸಡಿಲವಾಗುವುದನ್ನೂ ಗಮನಿಸಬೇಕು. ಹೊಟ್ಟೆಯನ್ನು ಒತ್ತಿ ಹಿಡಿದು ಬೆನ್ನಿಗೆ ಆಸರೆ ಕೊಡುವುದೇ ಆ ಪಟ್ಟಿಯ ಹಿಂದಿರುವ ತತ್ವ. ಹೋಳಿಗೆಯ ಮುಂದೆ ಆ ತತ್ವ ನಿಲ್ಲುವುದಿಲ್ಲ.

ಇನ್ನೂ ಗಟ್ಟಿಯಾದ ಪುರಾವೆ ಬೇಕಾದರೆ ಗ್ಯಾಸ್ ಬರುವ ದಿನ ನೋಡಬೇಕು. 14.2 ಕೆ.ಜಿ. ಗ್ಯಾಸನ್ನೂ ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣವನ್ನೂ ಹೆಗಲ ಮೇಲೆ ಹೊತ್ತು ಹುಡುಗ ಮೂರನೆಯ ಮಹಡಿ ಹತ್ತುತ್ತಾನೆ. ಅವನ ಸೊಂಟದಲ್ಲಿ ಉಡಿದಾರ ಬಿಟ್ಟರೆ ಏನೂ ಇಲ್ಲ. ಬೆಲ್ಟು ಬಿಗಿದು ಬಾಗಿಲಲ್ಲಿ ನಿಂತ ರಾಯರು “ನಿಧಾನ ಕಣಪ್ಪಾ, ಸೊಂಟ ಹಿಡ್ಕೊಂಡೀತು” ಎನ್ನುತ್ತಾರೆ. ಎತ್ತುವವನಿಗೆ ಬೆಲ್ಟಿಲ್ಲ, ಬೆಲ್ಟಿದ್ದವರು ಎತ್ತುವುದಿಲ್ಲ. ಹಾಗೆಂದು ಹುಡುಗನಿಗೆ ಒಂದು ಬೆಲ್ಟು ಕೊಡಿಸಿದರೆ ಆಯಿತೇ? ಅಮೆರಿಕದಲ್ಲಿ ಅದನ್ನೂ ನೋಡಿದ್ದಾರೆ. 160 ಅಂಗಡಿಗಳಲ್ಲಿ ಸರಕು ಎತ್ತಿಳಿಸುವ ಒಂಬತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರ ಲೆಕ್ಕ ತೆಗೆದು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಲ್ಟು ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿದಾಗ, ಹೆಚ್ಚಿನವರಿಗೆ ಬೇಡದ ಚಿಕಿತ್ಸೆಗಳ ಪಟ್ಟಿಯಲ್ಲಿ ಈ ಪಟ್ಟಿಯೂ ಸೇರಿತು.

“ಕಟ್ಟಿದರೆ ಹಾಯಾಗಿರುತ್ತೆ ಸ್ವಾಮಿ, ನಿಮ್ಮ ಅಧ್ಯಯನ ಯಾರಿಗೆ ಬೇಕು?” ಎಂದು ರಾಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ಆಪರೇಷನ್ ಆದವರಿಗೆ, ಮೂಳೆ ಬಿರಿದವರಿಗೆ ವೈದ್ಯರೇ ಕಟ್ಟಿಸುತ್ತಾರೆ. ಅವರ ಮಾತು ಬೇರೆ. ಹಿಂದೆ ನೋವುಂಡಿದ್ದ ನೆದರ್‌ಲ್ಯಾಂಡ್ಸಿನ ಗೃಹ ಶುಶ್ರೂಷಕರು ಬೇಕೆನಿಸಿದಾಗ ಬೆಲ್ಟು ಕಟ್ಟಿಕೊಂಡರೆ ನೋವಿನ ದಿನಗಳು ಕಡಿಮೆಯಾದವು ಎಂದು 2007ರ ಒಂದು ಅಧ್ಯಯನ ಹೇಳುತ್ತದೆ. ಆದರೆ ಅವರು ಹಾಕಿದ ರಜೆಗಳು ಕಡಿಮೆಯಾಗಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಸರೆಯನ್ನು ನಾನೇ ಹುಡುಕಿದರೂ ಸಿಗುತ್ತಿರಲಿಲ್ಲ.

ಇನ್ನು ಹೆಂಗಸರ ಸಂಗತಿ. ಸೊಂಟನೋವು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಬಗ್ಗಿಸುವವರು, ಮೊಮ್ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಒಲೆ ನೋಡಿಕೊಳ್ಳುವವರು ರಾಯರ ಮನೆಯಾಕೆ. ಅವರಿಗೂ ಒಂದು ಬೆಲ್ಟಿದ್ದರೆ ಅದು ಸೀರೆಯ ಒಳಗೆ, ಯಾರ ಕಣ್ಣಿಗೂ ಬೀಳದಂತೆ. ಕೇವಲ ಬೆನ್ನಿಗಾಗಿ ಕಟ್ಟುವುದಾದರೆ ರಾಯರದೂ ಬನಿಯನ್ನಿನ ಮೇಲೆ, ಶರ್ಟಿನ ಒಳಗೆ ಇರಬಹುದಿತ್ತು. “ನಿಮಗೆ ಹೇಗಿದೆ?” ಎಂದು ಆಕೆಯನ್ನು ಕೇಳಿದ ನೆಂಟರು ಇಲ್ಲ.

“ಬೆಲ್ಟು ಕಟ್ಟಿದರೆ ಸ್ನಾಯು ಸವೆದುಹೋಗುತ್ತದಲ್ಲ, ಅದನ್ನೇಕೆ ಬರೆಯಲಿಲ್ಲ?” ಎಂದು ಬೆಲ್ಟಿನ ವೈರಿಗಳು ನನ್ನ ಮೇಲೆ ಬೀಳಬಹುದು. ಕೆಲವು ವಾರ ಕಟ್ಟಿದ ಮಾತ್ರಕ್ಕೆ ಸ್ನಾಯು ಸೊರಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ರಾಯರ ಮೇಲೆ ಇಲ್ಲದ ಆಪಾದನೆ ಹೊರಿಸುವುದು ಬೇಡ. ನಷ್ಟವಾಗುವುದು ಬೇರೆ ಕಡೆ. 2024ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಸೊಂಟನೋವು ವಾಸಿಯಾದ 701 ಜನರ ಪೈಕಿ ಕ್ರಮವಾಗಿ ನಡೆಯುವ ಕಾರ್ಯಕ್ರಮಕ್ಕೆ ಸೇರಿದವರಿಗೆ ನೋವು ಮರಳಲು ಸುಮಾರು 208 ದಿನ ಹಿಡಿದರೆ, ಸೇರದವರಿಗೆ 112 ದಿನ ಸಾಕಾಯಿತು. ನಡೆಯಿರಿ ಎಂದು ರಾಯರಿಗೂ ವೈದ್ಯರು ಹೇಳಿದ್ದಾರೆ, ಅವರೂ ಬೆಳಗಾದರೆ ತಪ್ಪದೆ ಪಾರ್ಕಿಗೆ ಹೋಗುತ್ತಾರೆ. ಗೇಟು ದಾಟುವಷ್ಟರಲ್ಲಿ ಯಾರೋ ಬೆಲ್ಟು ನೋಡಿ “ಏನಾಯ್ತು ರಾಯರೇ?” ಎನ್ನುತ್ತಾರೆ. ನಡೆಯುತ್ತಾ ಹೇಳಿ ಮುಗಿಸುವ ಕಥೆಯಲ್ಲ ಅದು. ರಾಯರು ಕಲ್ಲುಬೆಂಚು ಹುಡುಕಿ ಕೂರುತ್ತಾರೆ, ಬೆಲ್ಟು ಸಡಿಲಿಸುತ್ತಾರೆ, ಎಲ್ ಫೋರ್‌ನಿಂದ ಶುರುಮಾಡುತ್ತಾರೆ.